ಅನ್ಯಾಯವನ್ನು ಸ್ಪರ್ಧಿಗಳೇ ತರತಕ್ಕದ್ದು

ಕಣ್ಣೆದುರು ಅನ್ಯಾಯ ನಡೆಯುವಾಗ ಬಾಯಿ ಮುಚ್ಚಿಕೊಂಡಿರುವುದು ಪಾಪವೆಂದು ಸತ್ಯವೇದ ಹೇಳುವುದರಿಂದ, ಸುದ್ದಗುಂಟೆಪಾಳ್ಯದ ಕನ್ನಡ ಚರ್ಚಿನಲ್ಲಿ ಪ್ರತಿ ವರ್ಷ ಆಗಸ್ಟ್ ತಿಂಗಳ ಎರಡನೇ ಭಾನುವಾರ, ಹನ್ನೊಂದರಿಂದ ಹನ್ನೆರಡೂವರೆಯವರೆಗೆ ಬಾಯಿ ತೆರೆಯಲಾಗುತ್ತದೆ.

ಈ ವರ್ಷದ ಪ್ರಕಟಣೆಯೂ ಎಂದಿನಂತೆ ಸ್ಪಷ್ಟವಾಗಿತ್ತು: "ಅನ್ಯಾಯ ಖಂಡನಾ ಭಾಷಣ ಸ್ಪರ್ಧೆ. ಅವಧಿ ನಾಲ್ಕು ನಿಮಿಷ. ಧ್ವನಿ, ಉಚ್ಚಾರಣೆ ಮತ್ತು ಹಾವಭಾವಕ್ಕೆ ಅಂಕಗಳಿವೆ. ಅನ್ಯಾಯವನ್ನು ಸ್ಪರ್ಧಿಗಳೇ ತರತಕ್ಕದ್ದು. ಚರ್ಚಿನ ವತಿಯಿಂದ ಒದಗಿಸಲಾಗುವುದಿಲ್ಲ."

ನಿವೃತ್ತ ಕನ್ನಡ ಟೀಚರ್ ಜಯಶೀಲಾ ಅವರ ಹತ್ತಿರ ಒಂದು ಅನ್ಯಾಯ ಸಿದ್ಧವಾಗಿಯೇ ಇತ್ತು. ಕಲಬುರಗಿ ಕಡೆಯ ಶಿವವ್ವ ಚರ್ಚಿನ ಗೇಟಿನ ಪಕ್ಕ ಆರು ವರ್ಷದಿಂದ ತಳ್ಳುಗಾಡಿಯಲ್ಲಿ ಜೋಳದ ರೊಟ್ಟಿ ಮಾರುತ್ತಿದ್ದಳು. ಚರ್ಚಿನ ಕಾರ್ಯದರ್ಶಿ ಎಜ್ರಾ ಸುಂದರರಾಜ್ ಅವರಿಗೆ ಎರಡು ಕಾರುಗಳಿದ್ದವು. ಮೂರನೆಯದು ಬಂತು, ನಿಲ್ಲಿಸಲು ಜಾಗ ಬೇಕಾಯಿತು. ಶಿವವ್ವನ ಗಾಡಿಯನ್ನು ಎಳೆದು ಹಿಂದಿನ ಶೆಡ್ಡಿಗೆ ಹಾಕಿಸಿ ಬೀಗ ಜಡಿದರು. ಎಳೆಯುವ ಹೊತ್ತಿಗೆ ಜಯಶೀಲಾ ಅಲ್ಲೇ ರೊಟ್ಟಿ ಕಟ್ಟಿಸಿಕೊಳ್ಳುತ್ತಿದ್ದರು. ತುಟಿಪಿಟಕ್ಕೆನ್ನದೆ ಮೊಬೈಲ್ ನೋಡುತ್ತಾ ನಿಂತರು. ಮನೆಗೆ ಹೋದ ಮೇಲೆ ಆ ರೊಟ್ಟಿಯ ಪೊಟ್ಟಣ ಬಿಚ್ಚದೆ ಹಾಗೇ ಇಟ್ಟರು. ಮೂವತ್ತು ವರ್ಷ ಮಕ್ಕಳಿಗೆ ಧೈರ್ಯದ ಪಾಠ ಹೇಳಿದ ತಮ್ಮ ಮೇಲೆ ತಮಗೇ ಅಸಹ್ಯವಾಯಿತು.

ಮರುದಿನ ಪಾಸ್ಟರ್ ಹತ್ತಿರ ಹೋದರು.

"ಶಿವವ್ವನ ಗಾಡಿ ವಾಪಸ್ ಕೊಡಿಸ್ಬೇಕು ಪಾಸ್ಟರ್. ಇದು ಅನ್ಯಾಯ."

"ಖಂಡಿತ ಮಾತಾಡಿ ಮೇಡಂ. ಸ್ಪರ್ಧೆ ಇಟ್ಟಿರೋದೇ ಅದಕ್ಕಲ್ವಾ? ಈಗ್ಲೇ ಹೆಸರು ಬರೆಸ್ಬಿಡಿ."

ತೀರ್ಪುಗಾರರು ಸುಂದರರಾಜ್ ಅವರೇ. ಜಯಶೀಲಾ ಹಿಂದೆ ಸರಿಯಲಿಲ್ಲ. ಪ್ರವಾದಿ ನಾತಾನನ ಕಥೆ ಎತ್ತಿಕೊಂಡರು: ನೂರಾರು ಕುರಿಗಳಿದ್ದ ಶ್ರೀಮಂತ, ಬಡವನ ಒಂದೇ ಒಂದು ಕುರಿಮರಿಯನ್ನು ಕಿತ್ತುಕೊಂಡದ್ದು, ಕೇಳಿ ರೇಗಿದ ದಾವೀದ ರಾಜನಿಗೆ, ಆ ಶ್ರೀಮಂತ ನೀನೇ ಎಂದು ನಾತಾನ ಮುಖಕ್ಕೇ ಹೇಳಿದ್ದು. ಆಮೇಲೆ ಗಾಡಿಯ ವಿಷಯ, ಮೂರನೇ ಕಾರಿನ ನಂಬರು, ಶೆಡ್ಡಿನ ಬೀಗ, ಒಂದನ್ನೂ ಬಿಡಲಿಲ್ಲ. ಕೊನೆಗೆ ಬೆರಳು ನೀಡಿ, "ಆ ಮನುಷ್ಯ ನೀವೇ, ಸುಂದರರಾಜ್ ಸಾರ್!" ಅಂದರು.

ಸುಂದರರಾಜ್ ಕಣ್ಣೊರೆಸಿಕೊಂಡರು. ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸಭೆಯೂ ತಟ್ಟಿತು. ಹಾವಭಾವಕ್ಕೆ ಪೂರ್ತಿ ಅಂಕ, ಪ್ರಥಮ ಬಹುಮಾನ.

"ಸಾರ್, ನಾನು ಹೇಳಿದ್ದು ನಿಜ," ಅಂದರು ಜಯಶೀಲಾ.

"ನಿಜಾನೇ ಮೇಡಂ! ಅದಕ್ಕೇ ಅಷ್ಟು ಚೆನ್ನಾಗಿ ಬಂತು. ನನಗೇ ನನ್ನ ಮೇಲೆ ಸಖತ್ ಸಿಟ್ಟು ಬಂತು, ನೋಡಿ."

"ಹಾಗಾದ್ರೆ ಗಾಡಿ ಕೊಡಿ."

"ಇವತ್ತೇ ಕೊಡ್ತಿದ್ದೆ. ಆದ್ರೆ ನೀವು ಗೆದ್ಬಿಟ್ರಲ್ಲ!"

ಗೆದ್ದವರು ಮುಂದೆ ವಲಯ ಸುತ್ತಿಗೆ, ಅಲ್ಲಿಂದ ರಾಜ್ಯ ಮಟ್ಟಕ್ಕೆ ಹೋಗಬೇಕೆಂದು ನಿಯಮಾವಳಿ ತೋರಿಸಿದರು. ಹನ್ನೊಂದನೇ ನಿಯಮ: "ವಿಜೇತರ ಅನ್ಯಾಯವು ಅಂತಿಮ ಸುತ್ತಿನವರೆಗೆ ಜಾರಿಯಲ್ಲಿರತಕ್ಕದ್ದು. ನಡುವೆ ಸರಿಹೋದ ಅನ್ಯಾಯವನ್ನು ಪರಿಗಣಿಸಲಾಗುವುದಿಲ್ಲ. ಹೆಸರು ಹಿಂಪಡೆಯುವಂತಿಲ್ಲ."

"ನೀವು ಸೋತ ದಿನ ಬೀಗ ತೆಗೀತೀನಿ ಮೇಡಂ, ಮಾತು ಕೊಡ್ತೀನಿ. ಅಲ್ಲೀವರೆಗೆ ಚರ್ಚಿನ ಮಾನ ನಿಮ್ಮ ಕೈಲಿದೆ."

ಸೋಲುವುದು ಏನು ಮಹಾ ಎಂದುಕೊಂಡರು ಜಯಶೀಲಾ. ಜಯನಗರದ ವಲಯ ಸುತ್ತಿನಲ್ಲಿ ವೇದಿಕೆ ಹತ್ತಿ, ನಾಲ್ಕು ನಿಮಿಷವೂ ಬಾಯಿ ಬಿಡದೆ ನಿಂತರು. ಮುಂದಿನ ಸಾಲಿನಲ್ಲಿ ಶಿವವ್ವ ಕೈಮುಗಿದು ಕೂತಿದ್ದಳು. ಅವಳಿಗಾಗಿಯೇ ಇದೆಲ್ಲ ಎಂದು ಹಲ್ಲು ಕಚ್ಚಿ ತಡೆದುಕೊಂಡರು. ಗಂಟೆ ಹೊಡೆಯಿತು.

ಮೂವರು ತೀರ್ಪುಗಾರರೂ ಗದ್ಗದಿತರಾದರು. ಅನ್ಯಾಯ ಕಂಡೂ ಸುಮ್ಮನಿರುವವರ ಪಾಪವನ್ನು ಇಷ್ಟು ಪರಿಣಾಮಕಾರಿಯಾಗಿ ಈ ವಲಯದಲ್ಲಿ ಹಿಂದೆಂದೂ ಖಂಡಿಸಿರಲಿಲ್ಲವಂತೆ. ಪ್ರಥಮ ಬಹುಮಾನ. ಉಚ್ಚಾರಣೆಯಲ್ಲಿ ಒಂದೂ ತಪ್ಪು ಸಿಗದ ಕಾರಣ ಅದಕ್ಕೂ ಪೂರ್ತಿ ಅಂಕ.

ಜಯಶೀಲಾ ಶಿವವ್ವನ ಪಕ್ಕ ಕುಸಿದು ಕೂತರು. "ಸೋಲೋಕೂ ಆಗ್ಲಿಲ್ಲ ಕಣಮ್ಮಾ," ಎಂದು ಅತ್ತೇಬಿಟ್ಟರು.

"ಅಳಬ್ಯಾಡ್ರಿ ಅಕ್ಕಾರ," ಅಂದಳು ಶಿವವ್ವ. "ರಾಜ್ಯ ಮಟ್ಟಕ್ಕ ನನ್ನೂ ಕರಕೊಂಡು ಹೋಗ್ತಾರಂತ. ಊಟ ಅವರದ. ಕೊಳ್ಳಾಗ ಹಾಕ್ಕೊಳ್ಳಾಕ ಕಾರ್ಡೂ ಕೊಟ್ಟಾರ, ನೋಡ್ರಿ."

ಕಾರ್ಡಿನಲ್ಲಿ "ಅನ್ಯಾಯಕ್ಕೊಳಗಾದವರು" ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಕೆಳಗೆ ಮಾರ್ಚ್ ಮೂವತ್ತೊಂದರವರೆಗೆ ಚಾಲ್ತಿ, ನಂತರ ನವೀಕರಿಸಬಹುದು ಎಂದಿತ್ತು. ಅದರ ಮಗ್ಗುಲಲ್ಲೇ ಸ್ಪರ್ಧಿಯ ಸಹಿಗೆ ಜಾಗ.

ಚರ್ಚಿನ ಪರವಾಗಿ ಬಂದಿದ್ದ ಸುಂದರರಾಜ್ ವಿನಯದಿಂದ ಪೆನ್ನು ಮುಂದೆ ಹಿಡಿದರು. ಜಯಶೀಲಾ ಕಣ್ಣೊರೆಸಿಕೊಂಡು, ಶಿವವ್ವನ ಹೆಸರು ತಪ್ಪಿಲ್ಲದೆ ಅಚ್ಚಾಗಿದೆಯೇ ಎಂದು ಎರಡು ಸಲ ನೋಡಿ, ಸಹಿ ಹಾಕಿದರು.