ಮೂರು ತಕರಾರಾದ್ರ ಕೆಲಸ ಹೋತು

ಮಂದಿ ಮನಿ ಮೀಟರ್ ಓದೋ ಕೆಲಸ ಹಿಡಿದವಗ ಬೈಸಿಕೊಳ್ಳೋದು ಪಗಾರದಾಗ ಸೇರಿರತೈತಿ, ನಗೋದು ಮಾತ್ರ ಪುಗಸಟ್ಟೆ ಸಿಗತೈತಿ. ಮಖ್ತಲ್, ನಾರಾಯಣಪೇಟೆ ಕಡೆ ಹನ್ನೆರಡು ವರ್ಷ ಕೈಯಾಗ ಬಿಲ್ ಮಷೀನ್ ಹಿಡಕೊಂಡು ತಿರುಗೀನಿ. ನಾಯಿ ಬೆನ್ನತ್ತಿದ್ದು, ಕಿಡಕ್ಯಾಗಿಂದ ನೀರು ಹೊಯ್ಸಿಕೊಂಡಿದ್ದು ಎಲ್ಲಾ ಹೇಳಾಕ ಕುಂತ್ರ ಮುಗಿಯಂಗಿಲ್ಲ. ಆದ್ರ ಒಂದು ತಿಂಗಳದ ಹಕೀಕತ್ ಐತಲ್ಲ, ಅದನ್ನ ನೆನಸಿದ್ರ ಈಗ ನಗು ಬರತೈತಿ. ಆವಾಗ ಮಾತ್ರ ಅಳೂನ ಬಂದಿತ್ತು.

ತೆಲಂಗಾಣ ಆಗಿ, ನಾರಾಯಣಪೇಟೆನೂ ಜಿಲ್ಲಾ ಆದ ಹೊಸದು. ಆಫೀಸಿಗೆ ಹೊಸಾ ಸಾಹೇಬ್ರು ಬಂದ್ರು. ಬಂದ ದಿನಾನೇ ನಮ್ಮಂಥ ಗುತ್ತಿಗೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿ, "ಒಂದು ತಿಂಗಳದಾಗ ಯಾವನ ಮ್ಯಾಲ ಮೂರು ತಕರಾರು ಖರೆ ಆಗತಾವೋ, ಅವ ಮಷೀನ್ ಇಲ್ಲಿಟ್ಟು ಮನಿ ಹಾದಿ ಹಿಡೀಬೇಕು" ಅಂತ ಹುಕುಂ ಮಾಡಿದ್ರು. ನನ್ನ ಹೆಂಡತಿಗೆ ಆಗ ಏಳು ತಿಂಗಳು. ಈ ಕೆಲಸ ಬಿಟ್ರ ನನಗ ಬ್ಯಾರೆ ಕೆಲಸ ಗೊತ್ತಿಲ್ಲ. ಎಲ್ಲಾ ದೇವರಿಗೂ ಕೈ ಮುಗಿದು ಮಷೀನ್ ಹೆಗಲಿಗೆ ಹಾಕಿದೆ.

ಮೀಟರಿನ ಹಣಿ

ದಸರಾ ಮುಗಿದು ವಾರ ಆಗಿತ್ತು. ಮಖ್ತಲದಾಗ ಒಬ್ಬರು ಕಿರಾಣಿ ಶೆಟ್ರ ಮನಿ. ತಕ್ಕಡಿ, ಸೈಕಲ್ಲು, ಬೀರು, ಬಾಗಿಲು, ಎಲ್ಲದಕ್ಕೂ ಮೂರು ಬೆರಳಿನ ವಿಭೂತಿ. ಮೀಟರಿಗೂ ಹಚ್ಚಿದ್ರು. ಸಣ್ಣಗಲ್ಲ, ಗಾಜಿನ ಮ್ಯಾಲ ಉದ್ದಕ್ಕ ಗಟ್ಟಿಯಾಗಿ ಮೂರು ಪಟ್ಟಿ. ಹಿಂದೊಂದು ಮುಂದೊಂದು ಅಂಕಿ ಕಾಣತಿತ್ತು, ನಡುವಿನವು ಕಾಣವಲ್ಲವು.

"ಅಕ್ಕಾರ, ಸ್ವಲ್ಪ ಒರಸ್ರೀ" ಅಂದೆ.

ಶೆಟ್ರ ಹೆಂಡತಿ ಹೌಹಾರಿದ್ರು. "ದಸರಾದಾಗ ಹಚ್ಚಿದ ವಿಭೂತಿ ದೀಪಾವಳಿ ತನಕ ಮುಟ್ಟಂಗಿಲ್ಲಪ್ಪ! ನೀನೂ ಲಿಂಗ ಕಟ್ಟಿದವನಾಗಿ ಹಿಂಗಂತಿ?"

ನಿಜ ಹೇಳಬೇಕಂದ್ರ ನನಗೂ ಒರಸಾಕ ಕೈ ಬರಲಿಲ್ಲ. ಕಣ್ಣು ಮುಚ್ಚಿ, ಶಿವನೇ ಗತಿ ಅಂತ ಒಂದು ಅಂದಾಜು ಅಂಕಿ ಒತ್ತಿದೆ. ಶಿವ ಏನು ಮಾಡ್ಯಾನ ಪಾಪ, ಬಿಲ್ ಮೂರು ಪಟ್ಟು ಬಂತು.

ಮರುದಿನ ಶೆಟ್ರು ಆಫೀಸಿಗೆ ಬಂದ್ರು. ಸಾಹೇಬ್ರು ನನ್ನ ಕರೆಸಿ, "ಏಂದ್ರಾ ಇದಿ?" ಅಂತ ತೆಲುಗಿನ್ಯಾಗ ಚೀರಿದ್ರು. "ಮೀಟರ್ ಒರಸಿ ಓದಾಕ ನಿನಗೇನು ರೋಗ?"

"ವಿಭೂತಿ ಇತ್ರಿ ಸಾಹೇಬ್ರ. ಹೆಂಗ ಒರಸಲಿ?"

ಸಾಹೇಬ್ರು ಏನೋ ಅನ್ನಾಕ ಬಾಯಿ ತಗದ್ರು, ಕೈ ತಾನ ಅವರ ಹಣಿಗೆ ಹೋತು. ಅಲ್ಲಿ ಮೂರು ಪಟ್ಟಿ ಇದ್ದವು. ಬಿಲ್ ತಿದ್ದಿಕೊಟ್ರು. ಆದ್ರ ನನ್ನ ಹೆಸರಿನ ಮುಂದ ಒಂದು ಗೀಟು ಬಿತ್ತು. ಶೆಟ್ರು ಹೊರಗ ಬಂದು ನನ್ನ ಹೆಗಲ ಮ್ಯಾಲ ಕೈ ಇಟ್ಟು ಪ್ರೀತಿಲೇ ಕೇಳಿದ್ರು: "ಬರೋ ವರ್ಷ ಅಂಕಿ ಬಿಟ್ಟು ಹಚ್ಚತೀವಪ್ಪ. ಅಲ್ಲಾ, ಮೀಟರಿಗೆ ಹಣಿ ಎಲ್ಲೈತಿ, ಅದೊಂದು ತೋರಿಸಿ ಹೋಗು."

ಕಾಲಿನ ಕರೆಂಟು

ಅದಾದ ನಾಲ್ಕೇ ದಿನಕ್ಕ ನಾರಾಯಣಪೇಟೆ ನೇಕಾರರ ಓಣಿ. ಒಂದು ಮನಿಯಾಗಿಂದ ಟಕ್ ಟಕ್ ಟಕ್ ಅಂತ ಸಪ್ಪಳ. ಅವಸರದಾಗಿದ್ದೆ, ಒಳಗ ಬಗ್ಗಿ ನೋಡಲಿಲ್ಲ. ಏನೋ ಮಷೀನ್ ಓಡಾಕತ್ತೈತಿ ಅಂದುಕೊಂಡು, ಮನಿ ಬಿಲ್ ಬಿಟ್ಟು ಜಾಸ್ತಿ ದರದ ಧಂಧೆದ ಬಿಲ್ ಹರಿದು ಕೊಟ್ಟೆ. ಅದು ಸೀರಿ ನೇಯೋ ಕೈಮಗ್ಗ.

ಆ ಮನಿ ಅಕ್ಕ ಭಾಳ ಜೋರು. ಆಫೀಸಿನ ಮುಂದ ನಿಂತು, "ಮಗ್ಗ ತುಳಿಯೋದು ನನ್ನ ಗಂಡನ ಕಾಲ್ರಿ. ಕಾಲಿಗೆ ಯಾವ ಸರಕಾರ ಬಿಲ್ ಹಾಕತೈತಿ?" ಅಂತ ಕೇಳಿದ್ಲು. ಸಾಹೇಬ್ರು ನನ್ನ ಕಡೆ ನೋಡಿದ್ರು. "ಹೋಗು, ಕಣ್ಣಿಲೇ ನೋಡಿ ತಿದ್ದಿ ಬಾ." ಎರಡನೇ ಗೀಟು.

ಹೋದೆ. "ಕಣ್ಣಿಲೇ ನೋಡಿದ್ರ ಏನು ತಿಳೀತೈತಿ ತಮ್ಮಾ? ಕುಣ್ಯಾಗ ಇಳಿ" ಅಂದ್ಲು. ಮಗ್ಗದ ಕುಣ್ಯಾಗ ಕುಂಡ್ರಿಸಿ ನನ್ನ ಕಡೆಯಿಂದ ತುಳಿಸಿದ್ರು. ಒಂದು ಗೇಣು ಸೀರಿ ಆಗಿರಲಿಲ್ಲ, ನನ್ನ ಮೊಣಕಾಲು ಯಪ್ಪಾ ಯವ್ವಾ ಅಂದ್ವು. ಅವಳ ಗಂಡ ಗೋಡಿಗೆ ಒರಗಿ ಕುಂತು ಚಾ ಕುಡೀತಿದ್ದ. ಎಷ್ಟೋ ವರ್ಷದ ಮ್ಯಾಲ ಸೂಟಿ ಸಿಕ್ಕಂಗ ಅವನ ಮಾರಿ ಅರಳಿತ್ತು. ನನ್ನ ಕೈ ಹಿಡಿದು ಮ್ಯಾಲ ಎಬ್ಬಿಸಿ ಅಕ್ಕ ಅಂದ್ಲು: "ಈಗ ನಿನ್ನ ಕಾಲು ಎಷ್ಟು ಯೂನಿಟ್ ಓಡ್ಯಾವ ನೋಡು. ಅಷ್ಟು ಬರಕೊ, ನಾವು ತಕರಾರ ಮಾಡಂಗಿಲ್ಲ."

ಗುಂಡುಮಾಲ್ ಅವ್ವನ ಫ್ರಿಜ್ಜು

ತಿಂಗಳು ಮುಗಿಯಾಕ ಎರಡೇ ದಿನ. ಇನ್ನು ಬದುಕಿದೆ ಅಂತ ಉಸಿರು ಬಿಡಬೇಕು, ಅಷ್ಟರಾಗ ನಾನೇ ಬಿಲ್ ಹಾಕೋ ಗುಂಡುಮಾಲದಿಂದ ಒಬ್ಬ ಅವ್ವ ಬಂದ್ಲು. ಬೀರಪ್ಪ ದೇವರ ಒಕ್ಕಲು, ಕುರಿ ಸಾಕೋ ಮನಿ. ಹಣಿ ತುಂಬ ಅರಿಶಿಣದ ಭಂಡಾರ. ಹಿಂದ ಒಬ್ಬ ರುಮಾಲಿನ ಹಿರಿಯ.

"ಸಾಹೇಬ್ರ, ನನ್ನ ಬಿಲ್ ತಪ್ಪೈತಿ."

"ಎಷ್ಟು ಜಾಸ್ತಿ ಬಂದೈತವ್ವಾ?"

"ಜಾಸ್ತಿ ಎಲ್ಲೀದ್ರಿ! ಕಡಿಮಿ ಬಂದೈತಿ. ನನ್ನ ಮಾನ ಹೋಗೈತಿ."

ಇಡೀ ಆಫೀಸು ತಲಿ ಎತ್ತಿ ನೋಡಿತು. ನಿಧಾನಕ ಕೇಳಿದ ಮ್ಯಾಲ ತಿಳೀತು. ಅವ್ವನ ಮೊಮ್ಮಗಳನ್ನ ನೋಡಾಕ ಗದ್ವಾಲ ಕಡೆ ಧರೂರಿನಿಂದ ಮಂದಿ ಬಂದಾರ. ಅವರೂ ಕುರುಬರೇ, ಆದ್ರ ಕಾಲುವಿ ನೀರು ಬಂದು ಭತ್ತ ಬೆಳೆಯೋ ಮಂದಿ, ಕೈಯಾಗ ನಾಲ್ಕು ಕಾಸು ಆಡತಾವ. ಅವ್ವ ಎದಿ ಉಬ್ಬಿಸಿ, "ನಮ್ಮಲ್ಲೂ ಫ್ರಿಜ್ ಐತಿ, ಟಿವಿ ಐತಿ, ಮಿಕ್ಸರ್ ಐತಿ, ಎಲ್ಲಾ ಓಡತಾವ" ಅಂದಾಳ. ಹುಡುಗನ ಸೋದರಮಾವ, ಅಂದ್ರ ಈ ರುಮಾಲಿನ ಹಿರಿಯ, ಗೋಡಿ ತಂತಿಗೆ ಚುಚ್ಚಿದ್ದ ಬಿಲ್ ಓದಿ, "ಹತ್ತೊಂಬತ್ತೇ ಯೂನಿಟ್ಟು?" ಅಂತ ಮೀಸಿಯಾಗ ನಕ್ಕಾನ. ಅವ್ವ ಬಾಯಿಗೆ ಬಂದಂಗ, "ಅದು ಬಿಲ್ ತಪ್ಪು!" ಅಂದುಬಿಟ್ಟಾಳ. ಅಂದ ಮ್ಯಾಲ ಮುಗೀತಲ್ಲ, ತಕರಾರು ಕೊಡಲೇಬೇಕು. "ನಡೀರಿ, ನಾನೂ ಬರತೀನಿ" ಅಂತ ಅವನೂ ಬಸ್ಸು ಹತ್ಯಾನ.

ಸಾಹೇಬ್ರು ಜೀಪು ತಗಸಿದ್ರು. ಮುಂದ ಸಾಹೇಬ್ರು, ಹಿಂದ ಅವ್ವ, ಸೋದರಮಾವ ಮತ್ತ ಮೂರನೇ ಗೀಟಿನ ದಾರಿ ಕಾಯೋ ನಾನು. ದಾರಿಯುದ್ದಕ್ಕೂ ನನಗ ಹೆಂಡತಿ ಮಾರಿನೇ ಕಣ್ಣ ಮುಂದ.

ಗುಂಡುಮಾಲದಾಗ ಧರೂರಿನ ಬೀಗರು ಹಾಸಿದ ಕಂಬಳಿ ಮ್ಯಾಲ ಕುಂತಿದ್ರು. ಮೊಮ್ಮಗಳು ಬಾಗಿಲ ಸಂದಿನ್ಯಾಗ ನಿಂತಿದ್ಲು. ಸಾಹೇಬ್ರು ಮೀಟರ್ ನೋಡಿದ್ರು, ಬಿಲ್ ನೋಡಿದ್ರು, ಮತ್ತ ಮೀಟರ್ ನೋಡಿದ್ರು. ನಾನೂ ನೋಡಿದೆ. ಒಂದು ಅಂಕಿನೂ ಹೆಚ್ಚುಕಡಿಮಿ ಇರಲಿಲ್ಲ. ಬದುಕಿದೆ!

ಹಂಗ ಅನ್ನೋದರಾಗ ಅವ್ವನ ಮಾರಿ ಕಂಡಿತು. ಸುಟ್ಟ ಬದನಿಕಾಯಿ ಆಗಿತ್ತು. ನನ್ನ ಬಾಯಿ ತಾನ ಅಂದುಬಿಟ್ಟಿತು: "ತಪ್ಪು ನಂದೇರಿ ಸಾಹೇಬ್ರ. ಸರಿಯಾಗಿ ಓದಿಲ್ಲ ನಾನು."

ಸಾಹೇಬ್ರು ಕಣ್ಣು ಪಿಳಿಪಿಳಿ ಬಿಟ್ರು. "ನೀ ಸರಿ ಓದೀದಿ ಅಂತ ಮೀಟರ್ ಹೇಳತೈತಿ. ತಪ್ಪು ಓದೀನಿ ಅಂತ ನೀ ಹೇಳತಿ. ಇಬ್ಬರಾಗ ಯಾವನ್ನ ನಂಬಲೋ? ಇದು ನಿನ್ನ ಮೂರನೇ ತಕರಾರು, ಗೊತ್ತೈತಿಲ್ಲೋ? ಮಷೀನ್ ಇಡಬೇಕಾಗತೈತಿ."

ಅವ್ವ ತಟ್ಟನ ತಿರುಗಿದ್ಲು. "ಅಂದ್ರ ಈ ಹುಡುಗನ ಕೆಲಸ ಹೋಗತೈತೇನ್ರಿ?"

"ಹೌದವ್ವಾ."

ಅವ್ವ ಸೆರಗು ಸೊಂಟಕ್ಕ ಸಿಗಿಸಿಕೊಂಡ್ಲು. "ಬೀರಪ್ಪ ಮೆಚ್ಚಂಗಿಲ್ಲ ಬಿಡ್ರಿ! ಬಿಲ್ ಖರೇನ ಐತಿ, ಸುಳ್ಳು ನಾನು" ಅಂದವಳೇ ದಡದಡ ಒಳಗ ಹೋಗಿ ಎಲ್ಲರ ಮುಂದ ಫ್ರಿಜ್ಜಿನ ಬಾಗಿಲು ತಗದ್ಲು. ವೈರು ಸುತ್ತಿದ್ದು ಸುತ್ತಿದಂಗ ಇತ್ತು. ಒಳಗ ಮ್ಯಾಲಿಂದ ತಳದ ತನಕ ಮಡಚಿಟ್ಟ ಕರಿ ಕಂಬಳಿ.

ಬೀಗರು ಒಬ್ಬರ ಮಾರಿ ಒಬ್ಬರು ನೋಡಿದ್ರು. ಸೋದರಮಾವ ಕೆಮ್ಮಿದ. "ಅಲ್ಲವ್ವಾ, ಕರೆಂಟ್ ಹಚ್ಚೋದಿಲ್ಲಂದ್ರ ಇದನ್ನ ತಂದಿದ್ದಾದ್ರೂ ಯಾಕ?"

"ಕಟ್ಟಿಗಿ ಪೆಟ್ಟಿಗಿ ಇಲಿ ಕೊರೀತಾವ, ತಗಡಿನ ಪೆಟ್ಟಿಗಿ ತುಕ್ಕು ಹಿಡೀತೈತಿ" ಅಂದ್ಲು ಅವ್ವ. "ಈ ಬಾಗಿಲು ತಗಿಯೋ ಇಲಿ ಇನ್ನೂ ಹುಟ್ಟಿಲ್ಲ."

ಸೋದರಮಾವ ಎದ್ದು ಬಂದು ಒಂದು ಕಂಬಳಿ ಹೊರಗ ಎಳೆದ. ಬಿಸಿಲಿಗೆ ಹಿಡಿದು ಆ ಕಡೆ ಈ ಕಡೆ ನೋಡಿದ. ಒಂದು ತೂತು ಇಲ್ಲ. "ಮುದುಕಿ ಇಷ್ಟು ಶಾಣ್ಯಾಕಿ ಇದ್ದ ಮ್ಯಾಲ ಮೊಮ್ಮಗಳನ್ನ ಏನು ನೋಡೋದೈತಿ? ಎಲಿ ಅಡಿಕಿ ತರ್ರಿ" ಅಂದ. ಬಾಗಿಲ ಸಂದಿನ್ಯಾಗಿಂದ ಬಳಿ ಸಪ್ಪಳ ಕೇಳಿತು. ಸಾಹೇಬ್ರು ತಕರಾರಿನ ಕಾಗದ ಹರಿದು ಕಿಸ್ಯಾಗ ಹಾಕಿಕೊಂಡ್ರು. ಅವ್ವ ನನ್ನ ಕೈಯಾಗ ಬೆಲ್ಲ ಇಟ್ಲು. ನನ್ನ ಕಣ್ಣಾಗ ನೀರು ಬಂದ್ವು, ಸುಳ್ಳು ಯಾಕ ಹೇಳಲಿ.

ಜೀಪು ಹತ್ತೋ ಹೊತ್ತಿಗೆ ಸೋದರಮಾವ ಓಡಿಕೊಂಡು ಬಂದ. ಸಾಹೇಬ್ರ ಕಿವಿ ಹತ್ರ ಬಗ್ಗಿ ಗುಟ್ಟಾಗಿ ಕೇಳಿದ: "ಸಾಹೇಬ್ರ, ನೀವು ಕರೆಂಟಿನ ಮಂದಿ, ನಿಮಗ ಗೊತ್ತಿರತೈತಿ. ಹಿಂಗ ಕರೆಂಟ್ ಬೇಕಾಗದ ಫ್ರಿಜ್ ಗದ್ವಾಲದಾಗ ಯಾವ ಅಂಗಡ್ಯಾಗ ಸಿಗತಾವ್ರಿ?"