ಅವ್ವನದೊಂದು ಫೋಟೋ

ಮಲಕಪ್ಪ ಮಾಡಿದ ತಪ್ಪು ಒಂದೇ. ಧಾರವಾಡಕ್ಕೆ ಹೋಗುವ ಸುದ್ದಿಯನ್ನು ನಳದ ಹತ್ತಿರ ನಿಂತು ಹೆಂಡತಿಗೆ ಹೇಳಿದ. ದಾಂಡೇಲಿಯ ಕಾಗದದ ಗಿರಣಿಯ ಚಾಳಿನಲ್ಲಿ, ನಳದ ಹತ್ತಿರ ಆಡಿದ ಮಾತು ನೀರಿಗಿಂತ ಮೊದಲು ಮನೆ ಮುಟ್ಟುತ್ತದೆ.

ಅವನ ಅವ್ವ ಮುದಕವ್ವನಿಗೆ ದೀಪಾವಳಿಯಿಂದ ಕೆಮ್ಮು. ಈ ಚಳಿಗಾಲ ದಾಟಿದರೆ ಹೆಚ್ಚು ಎಂದು ಡಾಕ್ಟರು ಮಲಕಪ್ಪನನ್ನು ಹೊರಗೆ ಕರೆದು ಹೇಳಿದ್ದರು. ಅಪ್ಪನದೊಂದೂ ಫೋಟೋ ಇರಲಿಲ್ಲ. ಈಗ ಅಪ್ಪನ ಮುಖವೇ ನೆನಪಿಗೆ ಬರುವುದಿಲ್ಲ. ಅವ್ವನ ಮುಖವಾದರೂ ಉಳಿಯಲಿ ಎಂಬುದೊಂದೇ ಅವನ ಆಸೆ. ರಜೆಯ ದಿನ ಅವ್ವನನ್ನೂ ಹೆಂಡತಿ ಮಾಲವ್ವನನ್ನೂ ಕರೆದುಕೊಂಡು ಹೋಗಿ, ಅವ್ವನೊಬ್ಬಳದೇ ಫೋಟೋ ತೆಗೆಸಿ, ಸಂಜೆಗೆ ಮರಳುವುದೆಂದು ಹಂಚಿಕೆ ಹಾಕಿದ್ದ.

ಬೆಳಿಗ್ಗೆ ಮಂಜಿನಲ್ಲಿ ಹೊರಟರೆ, ಪಕ್ಕದ ಮನೆಯ ಕಾಶೆವ್ವ ಇಳಕಲ್ ಸೀರೆ ಉಟ್ಟು ಸಿದ್ಧಳಾಗಿ ನಿಂತಿದ್ದಳು.

"ಮುದುಕಿ ಕೆಮ್ಮಿದ್ರ ಬೆನ್ನು ನೀವಾಕ ಯಾರರ ಬೇಕಲ್ಲೋ ತಮ್ಮಾ. ನಾನೂ ಬರ್ತೇನಿ."

"ಮಾಲವ್ವ ಅದಾಳಲ್ಲ ಅಕ್ಕಾ."

"ಆಕಿಗೇನ್ ತಿಳಿತೈತಿ? ಹೋಗೂಣು ನಡಿ!"

ಬಸ್ಸಿನಲ್ಲಿ ಅವಳು ಸುಮ್ಮನೆ ಕೂಡಲಿಲ್ಲ. "ಆ ಫೋಟೋದ ಡಬ್ಬಿ ಚಂದ ಇದ್ದವರಿಗೆ ದೃಷ್ಟಿ ಮಾಡ್ತೈತಿಬೇ, ಹುಷಾರ್" ಎಂದು ಮುದಕವ್ವನ ಕಿವಿಯಲ್ಲಿ ಊದಿದಳು. ಹಳಿಯಾಳ ದಾಟಿದ ಮೇಲೆ ಬಸ್ಸು ಕೆಟ್ಟಿತು. ಚಳಿಗಾಳಿಯಲ್ಲಿ ರಸ್ತೆ ಬದಿಗೆ ಕೂತು ಅವ್ವ ಕೆಮ್ಮಿದಾಗಲೆಲ್ಲ ಮಲಕಪ್ಪನೇ ಬೆನ್ನು ನೀವುತ್ತಿದ್ದ. ಬೆನ್ನು ನೀವಲು ಬಂದವಳು ಅವರ ಬುತ್ತಿ ಬಿಚ್ಚಿ ರೊಟ್ಟಿ ತಿನ್ನುತ್ತಿದ್ದಳು.

ಧಾರವಾಡ ಮುಟ್ಟುವಾಗ ಹೊತ್ತು ಇಳಿದಿತ್ತು. ಸ್ಟುಡಿಯೋದಲ್ಲಿ ಕರೆಂಟಿಲ್ಲ.

"ಹಿತ್ತಲದಾಗ ಒಂಚೂರು ಬಿಸಿಲೈತ್ರಿ. ಒಂದ ಫೋಟೋ ಆಗ್ತೈತಿ ನೋಡ್ರಿ" ಎಂದ ಫೋಟೋದವನು.

"ಅವ್ವನ ಒಬ್ಬಾಕಿದ ತಗೀರಿ."

ಮುದಕವ್ವ ಒಪ್ಪಲಿಲ್ಲ. "ಮಗಾ ಸೊಸಿ ಬಿಟ್ಟು ನಾ ಒಬ್ಬಾಕಿ ಯಾಕ ಕುಂದರ್ಲಿ? ನಾ ಏನ್ ಸತ್ತೇನೇನು?"

ಮಲಕಪ್ಪ ಸ್ಟುಡಿಯೋದವರೇ ಕೊಟ್ಟ ಕೋಟು ತೊಟ್ಟು ಬೆಂಚಿನ ಮೇಲೆ ಅವ್ವನ ಪಕ್ಕ ಕೂತ. ಮಾಲವ್ವ ಹಿಂದೆ ನಿಂತಳು. ಯಾರೂ ಕರೆಯದೆ ಕಾಶೆವ್ವನೂ ಬಂದು ಅವ್ವ-ಮಗನ ಹಿಂದೆ ನಟ್ಟನಡುವೆ ನಿಂತಳು. ಬಿಸಿಲು ಗೋಡೆ ಏರುತ್ತಿತ್ತು, ಜಗಳಾಡಲು ಹೊತ್ತಿರಲಿಲ್ಲ.

"ಅಲಗಾಡಬ್ಯಾಡ್ರಿ!"

ಮಗನನ್ನು ಕೋಟಿನಲ್ಲಿ ಮುದಕವ್ವ ಎಂದೂ ಕಂಡಿರಲಿಲ್ಲ. "ನನ ಮಗನ, ಸಾಹೇಬನಾಂಗ ಕಾಣ್ತಿ. ದೃಷ್ಟಿ ಆದೀತು" ಎಂದು ಡಬ್ಬಿಗೆ ಬೆನ್ನು ಮಾಡಿ ಪೂರ್ತಿ ಅವನ ಕಡೆ ತಿರುಗಿ ಎರಡೂ ಕೈಯಿಂದ ಮುಖ ನೀವಿದಳು. ಡಬ್ಬಿ ಟಕ್ಕೆಂದಿತು. ಆಮೇಲೆ ತನ್ನ ಕಪಾಳಕ್ಕೆ ಬೆರಳೊತ್ತಿ ಸಮಾಧಾನದಿಂದ ಲಟಿಕೆ ಮುರಿದಳು.

ಫೋಟೋ ಅಂಚೆಯಲ್ಲಿ ಬರುವಷ್ಟರಲ್ಲಿ ಅವ್ವ ತೀರಿಕೊಂಡಿದ್ದಳು. ಲಕೋಟೆ ಒಡೆದ ಮಲಕಪ್ಪ ಅತ್ತುಬಿಟ್ಟ. ಅವ್ವನದು ಬರೀ ಸೆರಗು ಹೊದ್ದ ಬೆನ್ನು. ಅವನ ಮುಖದ ತುಂಬ ಅವಳ ಕೈಗಳು. ಮಾಲವ್ವ ನೆಲ ನೋಡುತ್ತಿದ್ದಳು. ನಡುವೆ ಕಾಶೆವ್ವನೊಬ್ಬಳೇ, ಮೂಗಿನ ನತ್ತಿನ ಸಮೇತ, ಸ್ಪಷ್ಟವಾಗಿ ಬಂದಿದ್ದಳು.

ಇದ್ದದ್ದು ಅದೊಂದೇ. ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ. ದಿವಸದ ಊಟಕ್ಕೆ ಸಾಂಬ್ರಾಣಿ ಹಳ್ಳಿಯಿಂದ ಬಂದ, ಮುದಕವ್ವನನ್ನು ಎಂದೂ ಕಂಡಿರದ ದೂರದ ನೆಂಟ ಶಿವಲಿಂಗಪ್ಪ ಅದಕ್ಕೊಂದು ಮಾಲೆ ಹಾಕಿ, "ನಿಮ್ಮವ್ವನ ಮಾರಿ ಮ್ಯಾಲ ಏನ್ ಕಳಿ ಐತಪಾ!" ಎಂದು ಕಣ್ಣೊರೆಸಿಕೊಂಡ.

ಹುಗ್ಗಿ ಬಡಿಸುತ್ತಿದ್ದ ಕಾಶೆವ್ವ ಸೌಟು ಬಿಟ್ಟು ಓಡಿಬಂದಳು. "ನಾ ಇನ್ನೂ ಬದುಕೀನಲ್ಲೋ, ನಿನ್ನ ಬಾಯಾಗ ಮಣ್ಣು ಬೀಳ್ಲಿ!" ಎಂದು ಮಾಲೆ ಕಿತ್ತೆಸೆದಳು. ಫೋಟೋ ಇಳಿಸಲು ಮಾತ್ರ ಬಿಡಲಿಲ್ಲ. ಅಷ್ಟು ಚಂದದ ಫೋಟೋ ಅವಳದು ಬೇರೆ ಇರಲಿಲ್ಲ.

ಈಗ ಮಲಕಪ್ಪ ದಿನಾ ಗಿರಣಿಗೆ ಹೋಗುವ ಮುಂಚೆ ಅವ್ವನ ಬೆನ್ನಿಗೆ ಕೈಮುಗಿಯುತ್ತಾನೆ. ಬಾಗಿಲಲ್ಲಿ ನಿಂತ ಕಾಶೆವ್ವ, "ಇರ್ಲಿ ಬಿಡೋ ತಮ್ಮಾ, ದಿನಾ ಯಾಕ ನಮಸ್ಕಾರ ಮಾಡ್ತಿ" ಎನ್ನುತ್ತಾಳೆ.