ಟ್ಯಾಂಕಿನ ಹಿಂದಿನ ನೆರಳು

ಇಷ್ಟೆಲ್ಲ ರಾಮಾಯಣಕ್ಕೆ ಕಾರಣ ಗ್ರಂಥಾಲಯದ ಬಾಗಿಲಿಗೆ ಅಂಟಿಸಿದ್ದ ಒಂದು ಗುಲಾಬಿ ಬಣ್ಣದ ಚೀಟಿ. ‘ಹಿರಿಯರಿಗೆ ಮಕ್ಕಳಿಂದ ಮೊಬೈಲ್ ಪಾಠ. ಭಾನುವಾರ ಮಧ್ಯಾಹ್ನ ಮೂರಕ್ಕೆ. ಕೊನೆಯಲ್ಲಿ ಪರೀಕ್ಷೆ ಇರುತ್ತದೆ’ ಎಂದು ಅದರಲ್ಲಿ ಬರೆದಿತ್ತು. ಮಂಡಿನೋವಿಗೆಂದು ದಿನಾ ಸಂಜೆ ಪಾರ್ಕಿಗೆ ವಾಕಿಂಗ್ ಹೋಗುತ್ತಿದ್ದ ಹೆಂಡತಿ ದಾರಿಯಲ್ಲಿ ಅದನ್ನು ಓದಿ, ತನ್ನ ಹೆಸರಿನ ಜೊತೆಗೆ ಗಂಡನ ಹೆಸರನ್ನೂ ಬರೆಸಿಯೇ ಮನೆಗೆ ಬಂದಳು.

ಗಂಡನಾದ ನಿವೃತ್ತ ಹೆಡ್‌ಗುಮಾಸ್ತರು ಓದುತ್ತಿದ್ದ ಪೇಪರ್ ಮಡಿಸಿಟ್ಟರು.

“ಈ ವಯಸ್ಸಲ್ಲಿ ನಂಗ್ಯಾಕೇ ಅದೆಲ್ಲ?”

“ನಂಗಂತೂ ಬರಲ್ಲ, ನಿಮಗೂ ಬರಲ್ಲ. ಒಂದು ಗ್ಯಾಸ್ ಬುಕ್ ಮಾಡ್ಬೇಕಾದ್ರೂ ಮೇಲಿನ ಮನೆ ಮೇಷ್ಟ್ರ ಬಾಗಿಲು ತಟ್ಟಬೇಕು. ಎಷ್ಟು ದಿನ ಅಂತ ರೀ?”

ಗುಮಾಸ್ತರಿಗೆ ಬರುವುದಿಲ್ಲ ಎನ್ನುವುದು ಶುದ್ಧ ಸುಳ್ಳು. ನೀರು ಕುಡಿದಷ್ಟು ಸಲೀಸಾಗಿ ಬರುತ್ತಿತ್ತು. ಆದರೆ ಮೂವತ್ತೈದು ವರ್ಷದ ನೌಕರಿಯಲ್ಲಿ ಅವರು ಕಲಿತ ಪಾಠ ಒಂದೇ: ಬಲ್ಲವನಿಗೆ ಬಿಡುವಿಲ್ಲ, ಬಾರದವನಿಗೆ ಬಾಧೆಯಿಲ್ಲ. ಕಚೇರಿಗೆ ಕಂಪ್ಯೂಟರ್ ಬಂದಾಗ ಆಸೆಯಿಂದ ಕಲಿತವರೆಲ್ಲ ಕತ್ತಲಾಗುವವರೆಗೆ ಅದರ ಮುಂದೆ ಕೂತರು. ಅದನ್ನು ಕಂಡರೆ ತಲೆ ತಿರುಗುತ್ತದೆ ಎಂದ ಇವರು ಐದು ಹೊಡೆಯುತ್ತಲೇ ಕೊಡೆ ಹಿಡಿದು ಮನೆಗೆ ಹೊರಟರು.

ಕಣ್ಣೆದುರಿಗೇ ಇನ್ನೊಂದು ಉದಾಹರಣೆ ಇತ್ತು. ಮೇಲಿನ ಮನೆಯ ವಿಜ್ಞಾನದ ಮೇಷ್ಟ್ರು ಒಮ್ಮೆ ಬಾಯಿ ತಪ್ಪಿ, ರೈಲು ಟಿಕೆಟ್ಟನ್ನು ನಾನೇ ಫೋನಿನಲ್ಲಿ ತೆಗೆಯುತ್ತೇನೆ ಎಂದುಬಿಟ್ಟಿದ್ದರು. ಅಂದಿನಿಂದ ಕಟ್ಟಡದ ಇಪ್ಪತ್ತನಾಲ್ಕು ಮನೆಯವರೂ ಕರೆಂಟು, ಗ್ಯಾಸು, ಡಾಕ್ಟರು ಎಂದು ಅವರ ಬಾಗಿಲಲ್ಲೇ ಬೀಡುಬಿಟ್ಟರು. ಪಾಪ, ಮೇಷ್ಟ್ರು ನಿಂತುಕೊಂಡೇ ಊಟ ಮಾಡುವುದನ್ನು ರೂಢಿ ಮಾಡಿಕೊಂಡಿದ್ದರು.

ಗುಮಾಸ್ತರು ಮಾತ್ರ ದಿನಾ ಮಧ್ಯಾಹ್ನ “ಬಟ್ಟೆ ಒಣಗಿದ್ಯಾ ನೋಡ್ಕೊಂಡ್ ಬರ್ತೀನಿ” ಎಂದು ತಾರಸಿ ಹತ್ತಿ, ನೀರಿನ ಟ್ಯಾಂಕಿನ ಹಿಂದಿನ ನೆರಳಿನಲ್ಲಿ ಕೂತು, ಫೋನಿನಲ್ಲಿ ಯಾವುದೋ ದೇಶದ ದಂತವೈದ್ಯನೊಬ್ಬನ ಜೊತೆ ಚದುರಂಗ ಆಡುತ್ತಿದ್ದರು. ಆ ಎರಡು ಗಂಟೆಯ ಮುಂದೆ ಅವರಿಗೆ ಸ್ವರ್ಗವೂ ಸಪ್ಪೆ. ಪರೀಕ್ಷೆಯಲ್ಲಿ ಪಾಸಾದರೆ ಆ ನೆರಳಿಗೆ ಎಳ್ಳುನೀರು ಬಿಟ್ಟಂತೆಯೇ. ಏನೇ ಆಗಲಿ, ಫೇಲಾಗಲೇಬೇಕು ಎಂದು ತೀರ್ಮಾನಿಸಿಯೇ ಅವರು ಭಾನುವಾರ ಚಪ್ಪಲಿ ಮೆಟ್ಟಿದರು.

ಗ್ರಂಥಾಲಯದ ಮಕ್ಕಳ ಕೋಣೆಯಲ್ಲಿ ಇದ್ದವೆಲ್ಲ ಗಿಡ್ಡ ಕುರ್ಚಿಗಳು. ಕೂತರೆ ಮಂಡಿ ಗಲ್ಲಕ್ಕೆ ತಾಗುತ್ತಿತ್ತು. ಅವರ ಪಾಲಿಗೆ ಬಂದ ಟೀಚರಿಗೆ ಒಂಬತ್ತು ವರ್ಷ. ಮುಂದಿನ ಹಲ್ಲೆರಡು ಬಿದ್ದಿದ್ದವು, ಕಂಕುಳಲ್ಲಿ ಉದ್ದನೆಯ ನೋಟ್‌ಬುಕ್ ಇತ್ತು.

“ತಾತ, ಮೊದ್ಲು ಫೋನ್ ಆನ್ ಮಾಡಿ ನೋಡೋಣ.”

ಬಾರದಂತೆ ನಟಿಸುವುದು ಅಂದುಕೊಂಡಷ್ಟು ಸುಲಭವಲ್ಲ. ಬೆರಳು ತಾನಾಗಿಯೇ ಸರಿಯಾದ ಕಡೆ ಓಡುತ್ತಿತ್ತು. ಗುಮಾಸ್ತರು ಓರೆಗಣ್ಣಿನಿಂದ ಪಕ್ಕದ ಮೇಜು ನೋಡಿದರು. ಅಲ್ಲಿ ಹೆಂಡತಿ ಫೋನನ್ನು ತಲೆಕೆಳಗಾಗಿ ಹಿಡಿದು, ಅದರ ಟಾರ್ಚಿಗೆ “ಹಲೋ, ಹಲೋ” ಎನ್ನುತ್ತಿದ್ದಳು. ಬಾರದಿರುವುದು ಅಂದರೆ ಹೀಗಿರಬೇಕು ಎಂದು ಅವರಿಗೆ ಹೆಮ್ಮೆಯೇ ಆಯಿತು. ಕಾಪಿ ಹೊಡೆಯುವ ವಿದ್ಯಾರ್ಥಿಯಂತೆ ಅವಳು ಮಾಡಿದ್ದನ್ನೆಲ್ಲ ಮಾಡತೊಡಗಿದರು.

ಅಷ್ಟರಲ್ಲಿ ಫೋನು ಟಿಣ್ ಎಂದಿತು. ಪರದೆಯ ಮೇಲೆ ಚದುರಂಗದ ಕುದುರೆ, ಕೆಳಗೆ ‘ಈಗ ನಿಮ್ಮ ಸರದಿ’. ದಂತವೈದ್ಯ ಕಾಯುತ್ತಿದ್ದ.

“ತಾತ, ನೀವು ಚೆಸ್ ಆಡ್ತೀರಾ?”

“ಚೆಸ್ಸಾ? ಅದ್ಯಾರೋ ಕುದುರೆ ಮಾರೋರು ಕಣಮ್ಮ. ದಿನಾ ಕಳಿಸ್ತಾನೇ ಇರ್ತಾರೆ,” ಎಂದು ಗುಮಾಸ್ತರು ಬೆವರು ಒರೆಸಿಕೊಂಡರು.

ಹಳ್ಳಕ್ಕೆ ಬಿದ್ದವನಿಗೆ ಆಳಿಗೊಂದು ಕಲ್ಲು ಎನ್ನುವಂತೆ ಅದೇ ಹೊತ್ತಿಗೆ ವಿಜ್ಞಾನದ ಮೇಷ್ಟ್ರು ಒಳಗೆ ಬಂದರು. ಕೈಯಲ್ಲಿ ಇಟ್ಟಿಗೆಯಷ್ಟು ದಪ್ಪದ ಪುಸ್ತಕ.

“ನಾಡಿದ್ದು ಮಗಳ ಮನೆಗೆ ಹೊರಟಿದೀನಿ, ಆರು ತಿಂಗಳು ಈ ಕಡೆ ತಲೆ ಹಾಕಲ್ಲ,” ಎಂದು ಸಾರಿದರು. “ಯಾವ ಮನೆಗೆ ಯಾವತ್ತು ಏನು ಮಾಡ್ಬೇಕು ಅನ್ನೋದೆಲ್ಲ ಇದರಲ್ಲಿದೆ. ನಮ್ಮ ಕಟ್ಟಡದವರಲ್ಲಿ ಇವತ್ತು ಯಾರು ಪಾಸಾಗ್ತಾರೋ ಅವರಿಗೇ ಇದು.”

ಕಟ್ಟಡದಿಂದ ಬಂದಿದ್ದವರು ಗಂಡಹೆಂಡಿರು ಇಬ್ಬರೇ. ಕಿಟಕಿಯ ಹೊರಗೆ ನಿಂತು ನೋಡುತ್ತಿದ್ದ ನೆರೆಮನೆಯವರ ಕಣ್ಣೆಲ್ಲ ಇವರ ಮೇಲೆಯೇ ನೆಟ್ಟಿತು.

ಪರೀಕ್ಷೆ ಶುರುವಾಯಿತು. ಫೋನ್ ಮಾಡುವುದು, ಸಂದೇಶ ಕಳಿಸುವುದು, ಫೋಟೋ ತೆಗೆಯುವುದು, ದಾರಿ ಹುಡುಕುವುದು, ಡಾಕ್ಟರ ಬಳಿ ಹೊತ್ತು ಗೊತ್ತು ಮಾಡುವುದು, ಹೀಗೆ ಐದು ಕೆಲಸ. ಹೆಂಡತಿ ಐದನ್ನೂ ಕೆಡಿಸಿದಳು. ಫೋಟೋದಲ್ಲಿ ಅವಳ ಗಲ್ಲ ಮಾತ್ರ ಬಂದಿತ್ತು. ಗ್ರಂಥಾಲಯದ ಮೇಡಂ ಕರುಣೆಯಿಂದ ‘ಭಾಗವಹಿಸಿದ್ದಾರೆ, ಅಂಕ: ಸೊನ್ನೆ’ ಎಂಬ ಸರ್ಟಿಫಿಕೇಟ್ ಕೊಟ್ಟರು. ಅವಳು ಅದನ್ನು ನೀಟಾಗಿ ಮಡಿಸಿ ಚೀಲದಲ್ಲಿ ಇಟ್ಟುಕೊಂಡಳು.

ಮುಂದಿನ ಹೆಸರು ಗುಮಾಸ್ತರದು. ಎದ್ದು ನಿಂತರೆ ಪುಟ್ಟ ಟೀಚರು ಅವರ ತೋಳು ಜಗ್ಗಿದಳು.

“ತಾತ, ನಾನು ಹೇಳ್ಕೊಟ್ಟ ಮೂರು ಜನಾನೂ ಫೇಲು. ಎಲ್ರೂ ನನ್ನ ಸೊನ್ನೆ ಟೀಚರ್ ಅಂತಾರೆ. ನೀವೂ ಫೇಲಾದ್ರೆ ಮುಂದಿನ ವಾರದಿಂದ ನನ್ನನ್ನ ಗಿಡಕ್ಕೆ ನೀರು ಹಾಕೋಕೆ ಹಾಕ್ತಾರೆ.”

ಅವಳ ಕೆಳತುಟಿ ನಡುಗಿತು. ಗುಮಾಸ್ತರು ಕಣ್ಣು ಮುಚ್ಚಿ ಟ್ಯಾಂಕಿನ ನೆರಳನ್ನು ನೆನೆದರು. ಕಣ್ಣು ತೆರೆದರೆ ಅದೇ ತುಟಿ ಇನ್ನೂ ನಡುಗುತ್ತಿತ್ತು. ಕಚೇರಿಯಲ್ಲಿ ಎಂಥೆಂಥ ಮೇಲಧಿಕಾರಿಗೂ ಬಗ್ಗದ ಮನುಷ್ಯ, ಆದರೆ ಈ ಮಗುವಿನ ಎದುರು ಕರಗಿಬಿಟ್ಟರು. ಹಾಳಾಗಿ ಹೋಗಲಿ ಎಂದುಕೊಂಡರು.

ಐದೂ ಕೆಲಸ ಒಂದೂವರೆ ನಿಮಿಷದಲ್ಲಿ ಮುಗಿಯಿತು. ಅಷ್ಟಕ್ಕೇ ನಿಲ್ಲಿಸಿದ್ದರೆ ಗಂಟೇನು ಹೋಗುತ್ತಿತ್ತು? ವರ್ಷಗಟ್ಟಲೆ ಅದುಮಿಟ್ಟ ವಿದ್ಯೆ ತಡೆಯಲಿಲ್ಲ. ಮೇಡಂ ಅವರ ಫೋನಿನಲ್ಲಿ ಕೆಟ್ಟಿದ್ದ ಅಲಾರಂ ಕೂಡ ಸರಿ ಮಾಡಿ ಕೊಟ್ಟರು. ಚಪ್ಪಾಳೆಯೋ ಚಪ್ಪಾಳೆ. ಮೇಷ್ಟ್ರು ಜೈಲಿನಿಂದ ಬಿಡುಗಡೆಯಾದವರ ಮುಖ ಹೊತ್ತು ಬಂದು, ಆ ದಪ್ಪ ಪುಸ್ತಕವನ್ನು ಅವರ ಕೈಗಿಟ್ಟು, ಹಿಂತಿರುಗಿ ನೋಡದೆ ನಡೆದರು.

ಗೇಟು ದಾಟಿದ ಮೇಲೆ ಕನ್ನಡಕ ಮರೆತದ್ದು ನೆನಪಾಗಿ ಗುಮಾಸ್ತರು ವಾಪಸು ಬಂದರು. ಟೀಚರು ನೋಟ್‌ಬುಕ್ ಬಿಚ್ಚಿ ಗುರುತು ಹಾಕುತ್ತಿದ್ದಳು. ಪುಟದ ತುಂಬ ಸರಿ ಗುರುತುಗಳೇ. ಹುಡುಕಿದರೂ ಒಂದು ಸೊನ್ನೆ ಕಾಣಲಿಲ್ಲ.

“ಮೂರು ಜನ ಫೇಲು ಅಂದ್ಯಲ್ಲ ಪುಟ್ಟೀ?”

“ನನ್ನ ಹತ್ರ ಯಾರೂ ಫೇಲಾಗಲ್ಲ ತಾತ. ಹಾಗೆ ಹೇಳು, ತುಟಿ ನಡುಗಿಸು, ತಾತ ಕರಗ್ತಾರೆ ಅಂತ ಅಜ್ಜಿ ನಿನ್ನೆ ಮೆಸೇಜ್ ಮಾಡಿದ್ರು.”

“ಯಾವ ಅಜ್ಜಿ?”

“ನಿಮ್ಮನೆ ಅಜ್ಜಿ! ಪಾರ್ಕಿನ ಬೆಂಚಲ್ಲಿ ನನ್ನ ಹತ್ರ ಕಲಿತ ಮೊದಲ್ನೇ ಶಿಷ್ಯೆ. ಈಗ ಅವರೇ ನಂಗೆ ಹೇಳ್ಕೊಡ್ತಾರೆ.”

ಗುಮಾಸ್ತರು ಕನ್ನಡಕ ಹಾಕಿಕೊಂಡು ನೋಡಿದರು. ಮೊದಲ ಸಾಲಿನಲ್ಲಿ ಹೆಂಡತಿಯ ಹೆಸರು, ಅದರ ಮುಂದೆ ಐದು ಸರಿ ಗುರುತು, ಒಂದು ನಕ್ಷತ್ರ ಬೇರೆ.

ಹೊರಗೆ ಹೆಂಡತಿ ಮರದ ಕೆಳಗೆ ಕಾಯುತ್ತಿದ್ದಳು. ಇವರ ಮುಖ ನೋಡಿದ ಕೂಡಲೇ ಅವಳಿಗೆ ಎಲ್ಲ ತಿಳಿಯಿತು.

“ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿದ್ರೆ ಜಗತ್ತಿಗೆ ಕಾಣಲ್ವೇನ್ರೀ? ಎರಡು ವರ್ಷದಿಂದ ಒಣಗಿದ ಬಟ್ಟೆ ಒಂದು ದಿನಾನಾದ್ರೂ ಕೆಳಗೆ ತಂದಿದೀರಾ? ಮೇಷ್ಟ್ರು ಹೋದ್ಮೇಲೆ ಯಾರಿಗಾದ್ರೂ ಬರಬೇಕಲ್ಲ.”

“ನಿಂಗೂ ಬರುತ್ತೆ ಅಂತ ಕಟ್ಟಡಕ್ಕೆಲ್ಲ ಹೇಳ್ತೀನಿ ನೋಡ್ತಿರು!”

“ಹೇಳಿ. ಯಾರು ನಂಬ್ತಾರೆ?” ಹೆಂಡತಿ ಚೀಲ ತಟ್ಟಿದಳು. “ಸರ್ಟಿಫಿಕೇಟ್ ಇದೆ ನನ್ನ ಹತ್ರ.”

ತಾವು ಚಾಪೆ ಕೆಳಗೆ ತೂರಿದರೆ ಅವಳು ರಂಗೋಲಿ ಕೆಳಗೇ ತೂರಿದ್ದಳು. ಗುಮಾಸ್ತರು ದಪ್ಪ ಪುಸ್ತಕ ಹೊತ್ತು ಮೆಟ್ಟಿಲು ಹತ್ತಿದರು. ಮನೆ ಬಾಗಿಲಲ್ಲಿ ಆಗಲೇ ಆರು ಜನ ನಿಂತಿದ್ದರು. ಮುಂದೆ ನಿಂತವರ ಕೈಯಲ್ಲಿ ಕರೆಂಟ್ ಬಿಲ್ಲು. ಜೇಬಿನಲ್ಲಿ ಫೋನು ಟಿಣ್ ಎಂದಿತು. ದಂತವೈದ್ಯ ಇನ್ನೂ ಕಾಯುತ್ತಿದ್ದ.

“ಬನ್ನಿ, ಬನ್ನಿ, ಒಬ್ಬೊಬ್ಬರಾಗಿ ಕೂತ್ಕೊಳ್ಳಿ,” ಎಂದು ಹೆಂಡತಿ ಎಲ್ಲರಿಗೂ ಕುರ್ಚಿ ಹಾಕಿದಳು. ಆಮೇಲೆ ಫೋನನ್ನು ಸೆರಗಿನ ಮರೆಯಲ್ಲಿ ಹಿಡಿದು ಚಪ್ಪಲಿ ಮೆಟ್ಟಿದಳು.

“ರೀ, ನಾನು ಸ್ವಲ್ಪ ಪಾರ್ಕಿಗೆ ಹೋಗಿ ಬರ್ತೀನಿ. ಮಂಡಿ ಹಿಡ್ಕೊಂಡಿದೆ.”